ಗೊಂಬೆಗೆ ಹಚ್ಚಿದ ಬೆಂಕಿ

ಬೆಟಗೇರಿಯ ಕಳಕವ್ವನ ಕೈಗೆ ಒಂದು ಹಿಡಿ ಎರೆಮಣ್ಣು ಸಿಕ್ಕರೆ ಸಾಕು, ಎದುರು ಕೂತವರ ಮುಖ ಅದರಲ್ಲಿ ಮೂಡಿಬಿಡುತ್ತಿತ್ತು. ಆಷಾಢದಲ್ಲಿ ಓಣಿಯ ಹುಡುಗಿಯರೆಲ್ಲ ಪೂಜೆಗೆ ಮಣ್ಣಿನ ಗುಳ್ಳವ್ವನನ್ನು ಮಾಡಿಸಿಕೊಳ್ಳಲು ಅವಳ ಕಟ್ಟೆಗೇ ಬರುತ್ತಿದ್ದರು. ಬರದೆ ಏನು ಮಾಡಿಯಾರು, ಉಳಿದವರು ಮಾಡಿದ ಗುಳ್ಳವ್ವ ಕುಂಬಳಕಾಯಿಗೆ ಮೂಗು ಅಂಟಿಸಿದ ಹಾಗಿರುತ್ತಿತ್ತು. ಅವಳ ಗಂಡ ಫಕ್ಕೀರಪ್ಪನದು ಗದಗಿನಲ್ಲಿ ಒಂದು ಫೋಟೋ ಸ್ಟುಡಿಯೋ. ಸ್ಟುಡಿಯೋ ಅಂದರೆ ಒಂದು ಖೋಲಿ, ಒಂದು ಪರದೆ, ಮೂರು ಕಾಲಿನ ಮೇಲೊಂದು ಮರದ ಕ್ಯಾಮರಾ. ಮದುವೆಯ ದಿನಗಳು ಮುಗಿದವೆಂದರೆ ಅವನಿಗೆ ನೊಣ ಹೊಡೆಯುವ ಕೆಲಸ. ಆ ಪುರುಸೊತ್ತಿನಲ್ಲೇ ಅವನಿಗೆ ಗೊಂಬೆಯ ಹುಚ್ಚು ಹಿಡಿದದ್ದು.

ರಟ್ಟಿನಲ್ಲಿ ಮನೆ ಕಟ್ಟುವುದು, ಅದಕ್ಕೆ ಬೆಂಕಿ ಬಿದ್ದ ಹಾಗೆ ತೋರಿಸುವುದು, ಹೆಂಡತಿ ಮಾಡಿಕೊಟ್ಟ ಬೆರಳುದ್ದದ ಆಳುಗಳನ್ನು ನಿಲ್ಲಿಸಿ ಆ ಬೆಂಕಿ ಆರಿಸುವುದು, ಫೋಟೋ ತೆಗೆಯುವುದು. ಹೊಗೆಗೆ ಲೋಬಾನ, ಉರಿಗೆ ಒಳಗಿಟ್ಟ ಕಂದೀಲು, ಪಂಪಿನಿಂದ ಚಿಮ್ಮುವ ನೀರಿಗೆ ನೇಕಾರರ ಮನೆಯಿಂದ ಬೇಡಿ ತಂದ ಬಿಳಿ ರೇಷ್ಮೆ ಎಳೆ. ನೋಡಿದವರು, "ಯಾವೂರಾಗ ಬಿದ್ದಿತ್ತೋ ಬೆಂಕಿ?" ಎಂದು ಕೇಳಿದರೆ ಫಕ್ಕೀರಪ್ಪನಿಗೆ ಹೊಟ್ಟೆ ತುಂಬಿದ ಹಾಗೆ. ಹೊಟ್ಟೆ ಖರೇನೇ ತುಂಬಬೇಕಲ್ಲ, ಅದಕ್ಕೆ ಕಳಕವ್ವ ಕೊಟ್ರಪ್ಪ ಸಾಹುಕಾರನ ಜಿನ್ನಿಗೆ, ಹತ್ತಿಯ ಬೀಜ ಬಿಡಿಸುವ ಗಿರಣಿಗೆ, ಕೂಲಿಗೆ ಹೋಗುತ್ತಿದ್ದಳು.

ಆ ಜಿನ್ನಿಗೆ ಇದ್ದದ್ದು ಒಂದೇ ಬಾಗಿಲು. ಹೆಂಗಸರು ಒಳಗೆ ಹೋದ ಮೇಲೆ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಹೊರಗಿನಿಂದ ಕಬ್ಬಿಣದ ಅಡ್ಡ ಅಗಳಿ ಹಾಕುತ್ತಿದ್ದ. ಸೀರೆಯ ನೆರಿಗೆಯಲ್ಲಿ ಅರಳೆ ಕಟ್ಟಿಕೊಂಡು ಹೋಗುತ್ತಾರೆ ಎಂದು ಸಾಹುಕಾರನ ಗುಮಾನಿ. ಒಳಗೆ ಕಾಲಡಿ ಅರಳೆ, ಮಗ್ಗುಲಲ್ಲಿ ಎದೆಮಟ್ಟ ಅರಳೆ, ಉಸಿರಿನಲ್ಲೂ ಅರಳೆ. ಯಂತ್ರದ ಚರ್ಮದ ಉರುಳೆ ಕಾದಾಗ ಸುಟ್ಟ ವಾಸನೆ ಏಳುತ್ತಿತ್ತು. ಆಗ ಹೆಂಗಸರೆಲ್ಲ ಒಮ್ಮೆ ಬಾಗಿಲ ಕಡೆ ನೋಡಿ ಮತ್ತೆ ಕೆಲಸಕ್ಕೆ ತಿರುಗುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಕಳಕವ್ವನಿಗೆ ವಾಸನೆಗಿಂತ ಆ ಸುಮ್ಮನಿರುವುದೇ ಹೆಚ್ಚು ಹೆದರಿಕೆ ತರುತ್ತಿತ್ತು.

ಏಕೀಕರಣವಾದ ವರ್ಷ ಅದು. ಮುಂಬಯಿ ರಾಜ್ಯದ ಬೋರ್ಡು ಇಳಿದು ಮೈಸೂರು ರಾಜ್ಯದ್ದು ಏರಿತ್ತು. ಹೊಸ ಸರ್ಕಾರದ ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಖಬರು ಬಂದದ್ದೇ ತಡ, ಎಂದೂ ಮೆಟ್ಟಿಲು ತುಳಿಯದ ಕೊಟ್ರಪ್ಪ ಸ್ಟುಡಿಯೋಕ್ಕೆ ಬಂದ.

"ನಮ್ಮ ಜಿನ್ನಿಂದು ಒಂದ ಫೋಟೋ ಮಾಡು ಫಕ್ಕೀರಪ್ಪ. ಬೆಂಕಿ ಬಿದ್ದೈತಿ, ನಮ್ಮ ಮಂದಿ ಪಂಪ ಹಿಡದು ಆರಸಾಕತ್ತಾರ, ಹಂಗ ಕಾಣಬೇಕು. ಖರೆ ಪಂಪ ಆಮ್ಯಾಲ ತರಸೋಣಂತ."

ಫಕ್ಕೀರಪ್ಪ ಉಬ್ಬಿಹೋದ. ಇಷ್ಟು ದಿನ ಹುಚ್ಚ ಅಂದವರೇ ಈಗ ಹುಡುಕಿಕೊಂಡು ಬಂದಿದ್ದರು. ಅನ್ನ ನೀರು ಮರೆತು, ಈ ಸಲ ರಟ್ಟು ಬಿಟ್ಟು ತಗಡಿನಲ್ಲೇ ಜಿನ್ನಿನ ಮಾಡು, ಚಿಮಣಿ, ಕಟ್ಟೆ ಎಲ್ಲವನ್ನೂ ಹೋಲಿಸಿ ಕಟ್ಟಿದ. ಫೋಟೋ ತೊಳೆದು ಒಣಹಾಕಿದಾಗ ಕಳಕವ್ವ ಬಗ್ಗಿ ನೋಡಿದಳು.

"ಬಾಗಲಾ ಯಾಕ ತೆರದೈತ್ರಿ?"

"ಹಾಕಿದ್ರ ಒಳಗಿನ ಉರಿ ಹೆಂಗ ಕಾಣಬೇಕು? ಬೆಳಕಿಗೆ ತೆರದೇನಿ."

ಅವನ ಮುಖದಲ್ಲಿದ್ದ ಖುಷಿ ನೋಡಿ ಅವಳು ಮುಂದೆ ಮಾತಾಡಲಿಲ್ಲ. ಅಲ್ಲೇ ಮಾತಾಡಬೇಕಿತ್ತು. ಆ ಫೋಟೋ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಸಾಹುಕಾರನ ಗೋಡೆ ಏರಿತು. ಸಾಹೇಬರು ಬಂದರು, ಚಹಾ ಕುಡಿದರು, ಫೋಟೋ ನೋಡಿ ಬಂದೋಬಸ್ತು ಚಲೋ ಇದೆಯೆಂದು ತಲೆಯಾಡಿಸಿದರು. ಜಿನ್ನಿನ ಹತ್ತಿರ ಸುಳಿಯದೆ ಹೋದರು.

ಸುಗ್ಗಿಯ ಹತ್ತಿ ಬಂದು ಬಿದ್ದ ಮೇಲೆ ಒಂದು ಮಧ್ಯಾಹ್ನ ಉರುಳೆಯಿಂದ ಕಿಡಿ ಹಾರಿತು. ಪಕ್ಕದಲ್ಲಿದ್ದ ಅಮೃತವ್ವ ಎರಡೂ ಕೈಯಿಂದ ಬಡಿಬಡಿದು ಆರಿಸಿದಳು. ಉಳಿದವರು ಬಾಗಿಲಿಗೆ ಓಡಿ ಬಡಿದೇ ಬಡಿದರು. ಮುಕಾದಮ ಚಹಾದಂಗಡಿಯಿಂದ ಬಂದು ಅಗಳಿ ತೆಗೆಯುವಾಗ ಅಮೃತವ್ವನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಬಾಗಿಲು ತೆರೆದಿಡಿ ಎಂದು ಕೇಳಲು ಹೋದ ಹೆಂಗಸರಿಗೆ ಕೊಟ್ರಪ್ಪ ಗೋಡೆಯ ಫೋಟೋ ತೋರಿಸಿದ.

"ಸಾಹೇಬ್ರು ನೋಡಿ ಹೋಗ್ಯಾರ. ಅದರಾಗ ಬಾಗಲಾ ತೆರದೇ ಐತೆಲ್ಲ."

ಗಂಡನ ಕೈಕೆಲಸ ತಮ್ಮೆಲ್ಲರ ಕುತ್ತಿಗೆಗೆ ಬಂತೆಂದು ಕಳಕವ್ವನಿಗೆ ತಿಳಿಯಿತು. ಸೂಟಿಯ ದಿನ ಅವಳು ಸ್ಟುಡಿಯೋಕ್ಕೆ ಬಂದು, ಸೆರಗು ಬಿಚ್ಚಿ, ಮಾಡಿ ತಂದ ಜಿನ್ನಿನ ಹೆಂಗಸರ ಗೊಂಬೆಗಳನ್ನು ಒಂದೊಂದಾಗಿ ಫಕ್ಕೀರಪ್ಪನ ಎದುರಿಗಿಟ್ಟಳು. ಮುಸುಕು ಹೊದ್ದವಳು ಹಸೀನಾಬಿ. ಕೈಗೆ ಬಟ್ಟೆ ಸುತ್ತಿಕೊಂಡವಳು ಅಮೃತವ್ವ. ಕೊನೆಯದನ್ನು ನೋಡಿ ಅವನು ಹಿಂದೆ ಸರಿದ. ಅದು ಕಳಕವ್ವ.

"ಇವನ್ನ ನೀವು ಕಟ್ಟಿದ ಜಿನ್ನಿನೊಳಗಿಟ್ಟು ಬಾಗಲಾ ಹಾಕ್ರಿ. ಈ ಸಲ ಕಂದೀಲ ಬ್ಯಾಡ."

"ನಿನ್ನ ಗೊಂಬಿಗೆ ನಾ ಬೆಂಕಿ ಹಚ್ಚಂಗಿಲ್ಲ. ಅದು ಅಪಶಕುನ."

"ನಾನ ಹಚ್ಚತೇನಿ. ನೀವು ಫೋಟೋ ತಗೀರಿ."

ಪೂಜೆ ಮುಗಿದ ಮಣ್ಣಿನ ಗೊಂಬೆಯನ್ನು ನೀರಿಗೆ ಬಿಡುವುದುಂಟು. ಬೆಂಕಿಗಿಟ್ಟದ್ದನ್ನು ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಒಳಗೆ ಅರಳೆ ತುಂಬಿ ಕಡ್ಡಿ ಗೀರಿದಳು. ಲೋಬಾನದ ಗರಜು ಬೀಳಲಿಲ್ಲ. ಮುಚ್ಚಿದ ಬಾಗಿಲ ಸಂದಿಯಿಂದ ಕರಿ ಹೊಗೆ ತೆವಳಿ ಬಂದು ಹೊರಗೆ ನಿಂತ ಪಂಪಿನ ಆಳುಗಳನ್ನು ಮುಚ್ಚಿತು. ಆರಿದ ಮೇಲೆ ಮಾಡಿನ ತಗಡು ಎತ್ತಿದರು. ಗೊಂಬೆಗಳು ಸೀಳು ಬಿಟ್ಟಿದ್ದವು, ಆದರೂ ಯಾರು ಯಾರೆಂದು ಗುರುತು ಸಿಗುತ್ತಿತ್ತು. ಫಕ್ಕೀರಪ್ಪ ಕ್ಯಾಮರಾದ ಕರಿಬಟ್ಟೆಯೊಳಗೆ ತಲೆ ಹಾಕಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು, ಅದಕ್ಕೆ ಹೊಗೆಯ ಮೇಲೆ ತಪ್ಪು ಹೊರಿಸಿದ.

ಮರುದಿನ ಬೆಳಿಗ್ಗೆ ಆ ಫೋಟೋ ಜಿನ್ನಿನ ಮುಂದೆ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬಳೂ ತನ್ನನ್ನು ತಾನು ಹುಡುಕಿ ಕಂಡುಕೊಂಡಳು. ಹಸೀನಾಬಿ ನೆಲಕ್ಕೆ ಕೂತುಬಿಟ್ಟಳು. ಒಬ್ಬರೂ ಒಳಗೆ ಹೋಗಲಿಲ್ಲ. ಹತ್ತಿ ಹೇರಿದ ಚಕ್ಕಡಿಗಳು ರಸ್ತೆಯವರೆಗೆ ನಿಂತವು. ಕೊಟ್ರಪ್ಪ ದಡದಡ ಬಂದು ಫೋಟೋ ಕಸಿದು ನೋಡಿದ.

"ಇವು ಗೊಂಬಿ ಅದಾವ. ಮಣ್ಣಿನ ಗೊಂಬಿ ನೋಡಿ ಯಾರರ ಅಂಜತಾರೇನು?"

ಕಳಕವ್ವ ಮುಂದೆ ಬಂದಳು. "ನಿಮ್ಮ ಗ್ವಾಡಿ ಮ್ಯಾಲಿನವೂ ಗೊಂಬೀನ ಅದಾವ್ರಿ, ಸಾವುಕಾರ್ರ. ಅವನ್ನ ನೋಡಿ ಸಾಹೇಬ್ರು ಹೋದ್ರು. ಇವನ್ನ ನೋಡಿ ನಾವು ನಿಂತೇವಿ."

ಕೊಟ್ರಪ್ಪ ಚಕ್ಕಡಿಗಳ ಸಾಲು ನೋಡಿದ, ಹೆಂಗಸರನ್ನು ನೋಡಿದ. ಕೊನೆಗೆ ಮುಕಾದಮನಿಗೆ ಬಾಗಿಲು ತೆರೆದಿಡು ಎಂದ. ಮುಕಾದಮ ಅಗಳಿಯನ್ನು ಕೈಯಲ್ಲೇ ಹಿಡಿದು, "ಆತು, ಹೋಗ್ರಿನ್ನ" ಅಂದ. ಕಳಕವ್ವ ಅವನ ಮುಂದೆ ಕೈ ಚಾಚಿ ನಿಂತಳು. ಅವನು ಸಾಹುಕಾರನ ಮುಖ ನೋಡಿದ, ಸಾಹುಕಾರ ಬೇರೆ ಕಡೆ ನೋಡಿದ. ಅವಳು ಆ ಕಬ್ಬಿಣವನ್ನು ಎರಡೂ ಕೈಯಲ್ಲಿ ಹೊತ್ತು ಒಳಗೆ ಒಯ್ದು, ತನ್ನ ಯಂತ್ರದ ಬುಡದಲ್ಲಿ ಹಾಕಿ, ಅದರ ಮೇಲೆ ಕಾಲಿಟ್ಟು ಕೂತಳು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಆ ಸುಟ್ಟ ವಾಸನೆ ಎದ್ದಿತು. ಹೆಂಗಸರೆಲ್ಲ ಬಾಗಿಲ ಕಡೆ ನೋಡಿದರು. ತೆರೆದಿತ್ತು. ಕಳಕವ್ವನಿಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ, ತಣ್ಣನೆಯ ಅಗಳಿ ಇನ್ನೂ ಕಾಲ ಕೆಳಗೇ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಒತ್ತಿ ನೋಡುತ್ತಾ ಕೂತಿದ್ದಳು.