ಎಡಗಡೆಯ ಗುಂಡಿ

ನಮ್ಮ ಚಿಕ್ಕಮ್ಮನ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಒತ್ತಿ ಹಾಗಾಗಿತ್ತು. ಸಾರಿಗೆ ಉಪ್ಪು ಹಾಕುವಾಗಲೂ ಪಾತ್ರೆಯ ಫೋಟೊ ತೆಗೆಯುವವಳಂತೆ ಕಾಣುತ್ತಿದ್ದಳು. ಹೊಸಪೇಟೆಯ ನಮ್ಮ ಓಣಿಯಲ್ಲಿ ಸ್ಟುಡಿಯೊ ಇಟ್ಟವನು ಚಿಕ್ಕಪ್ಪ, ಮದುವೆಮನೆಗಳಿಗೆ ಹೋಗುತ್ತಿದ್ದವಳು ಇವಳು.

ಭಾರೀ ಪುಕ್ಕಲಿ. ಅವಳ ಹಳೆಯ ರೀಲಿನ ಕ್ಯಾಮೆರಾದಲ್ಲಿ ರೀಲು ಸರಿಯಾಗಿ ಕಚ್ಚಿಕೊಂಡಿದ್ದರೆ, ಬಲಗಡೆಯ ಕಡ್ಡಿ ಎಳೆದಾಗ ಎಡಗಡೆಯ ಗುಂಡಿ ತಾನಾಗಿ ತಿರುಗುತ್ತಿತ್ತು. ಕಚ್ಚದಿದ್ದರೆ 'ಕಟಕ್' ಸದ್ದೇನೋ ಬರುತ್ತಿತ್ತು, ಫೋಟೊ ಒಂದೂ ಬರುತ್ತಿರಲಿಲ್ಲ. ಕಂಪ್ಲಿಯ ಒಂದು ಮದುವೆಯಲ್ಲಿ ಹಾಗೇ ಆಗಿ, ತಾಳಿ ಕಟ್ಟಿದ್ದೇ ಸಿಗಲಿಲ್ಲ. ಅವಳೇ ಹೋಗಿ ಹೇಳಿದಳು. ಮದುಮಗಳ ಅಜ್ಜಿ, "ಬಿಡವ್ವಾ, ನಾವೆಲ್ಲಾರೂ ಕಣ್ಣಾರೆ ನೋಡೀವಿ," ಎಂದು ಚಹಾ ಕೊಟ್ಟರಂತೆ. ಬೈದಿದ್ದರೆ ಮರೆಯುತ್ತಿದ್ದಳೇನೋ.

ಅಂದಿನಿಂದ ಯಾವುದಕ್ಕೂ ಅವಳದು ಒಂದೇ ಪ್ರಶ್ನೆ. ನಾನು ಪರೀಕ್ಷೆ ಬರೆದು ಬಂದರೆ, "ಗುಂಡಿ ತಿರುಗಿತೇನಲೇ?" ಚಿಕ್ಕಪ್ಪ ಬಾಗಿಲಿಗೆ ಬೀಗ ಹಾಕಿದರೂ ಅದೇ. ಸಂಡೂರಿನ ಮದುವೆಗಳಲ್ಲಿ ಅದಿರಿನ ಕೆಂಪು ಧೂಳು ಕ್ಯಾಮೆರಾದೊಳಗೆ ಬೀಳಬಾರದೆಂದು ದೇವರ ಕೋಣೆ ಹೊಕ್ಕು, ಬಾಗಿಲು ಹಾಕಿಕೊಂಡು ರೀಲು ಬದಲಾಯಿಸುತ್ತಿದ್ದಳು. "ಒಳಗ ಏನ್ ಪೂಜಿ ನಡೆಸ್ಯಾಳ ಈಕಿ?" ಎಂದು ಬೀಗರು ನಗುತ್ತಿದ್ದರು.

ಈಗೀಗ ಕಡ್ಡಿರಾಂಪುರದ ಹೋಂಸ್ಟೇಗಳಲ್ಲಿ ಇಳಿಯುವ ಹುಡುಗ ಹುಡುಗಿಯರು ಅಂಥದೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಂಪಿ ಸುತ್ತುತ್ತಾರೆ. ರೀಲು ಸಿಕ್ಕಿಕೊಂಡಾಗ ಯಾರನ್ನೋ ಕೇಳಿಕೊಂಡು ಕೆಲವರು ಚಿಕ್ಕಮ್ಮನ ಮನೆಗೂ ಬಂದರು.

"ಫೋನಿನ್ಯಾಗ ಆಗಿಂದಾಗ ಕಾಣ್ತೈತಿ. ಇದ್ಯಾಕ್ರಿ ನಿಮಗ?"

"ಆಂಟಿ, ಏನು ಬಂದಿದೆಯೋ ಅಂತ ಕಾಯೋದೇ ಮಜಾ," ಎಂದಳು ಒಬ್ಬ ಹುಡುಗಿ.

ಚಿಕ್ಕಮ್ಮ ಬೆರಗಾಗಿ ನನ್ನತ್ತ ತಿರುಗಿದಳು. "ನಾ ಅಂಜಿ ಸಾಯೋದು ಇವರಿಗೆ ಮಜಾ ಅಂತ, ನೋಡಲೇ!"

ಆ ಹುಡುಗಿ ಕೊಟ್ಟುಹೋದ ರೀಲೊಂದು ಕಪಾಟಿನಲ್ಲಿತ್ತು. ಹೋದ ವರ್ಷ ಹೃದಯದ ಆಪರೇಷನ್ನಿಗೆ ಹೊರಡುವ ಬೆಳಿಗ್ಗೆ ಚಿಕ್ಕಮ್ಮ ಅದನ್ನು ತಾನೇ ಕ್ಯಾಮೆರಾಕ್ಕೆ ಹಾಕಿದಳು. ಮುಚ್ಚಳ ಹಾಕುವಷ್ಟರಲ್ಲಿ ದಮ್ಮು ಹತ್ತಿ, ನನ್ನ ಕೈಗೆ ಕೊಟ್ಟಳು. "ನಂದೊಂದು ತಗಿ. ಇರ್ಲಿ." ಊರಿನವರನ್ನೆಲ್ಲ ತೆಗೆದವಳದು ಮನೆಯಲ್ಲಿದ್ದದ್ದು ಆಧಾರ್ ಕಾರ್ಡಿನ ಫೋಟೊ ಮಾತ್ರ. ಕಡ್ಡಿ ಎಳೆದು ಒತ್ತಿದೆ.

"ಗುಂಡಿ ತಿರುಗಿತೇನಲೇ?"

ನನ್ನ ಕಣ್ಣು ತುಂಬಿತ್ತು, ಏನೂ ಕಂಡಿರಲಿಲ್ಲ. ಉತ್ತರ ಹೇಳುವಷ್ಟರಲ್ಲಿ ಕಾರು ಬಂತು. ಅವಳು ಮರಳಿ ಬರಲಿಲ್ಲ.

ರೀಲು ತೊಳೆದು ಫೋಟೊ ಮಾಡುವವರು ಈಗ ನಮ್ಮಲ್ಲಿ ಯಾರೂ ಇಲ್ಲ, ದೂರದೂರಿಗೆ ಕಳಿಸಿದೆ. ಚಿಕ್ಕಪ್ಪ ಫೋಟೊಕ್ಕೆಂದು ಗೋಡೆಗೆ ಮೊಳೆ ಹೊಡೆದೇಬಿಟ್ಟಿದ್ದ. "ಬಂತೇನಪಾ?" ಎಂದು ದಿನಾ ಕೇಳುತ್ತಿದ್ದ. ಆ ಬರೀ ಮೊಳೆ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ರೀಲು ಖಾಲಿಯಾಗಿದ್ದರೆ ಕಂಪ್ಲಿಯ ಆ ಅಜ್ಜಿಯ 'ಕಣ್ಣಾರೆ ನೋಡೀವಿ' ಎಂಬ ಮಾತನ್ನು ಇವನಿಗೆ ಹೇಗೆ ಹೇಳಲಿ?

ಕೊನೆಗೂ ಬಂತು. ಅದೇ ಅರ್ಧ ಮುಚ್ಚಿದ ಎಡಗಣ್ಣು, ಹೆಗಲ ಮೇಲೆ ಶಾಲು. ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಭಾಳ ಚಲೋ ಬಂದೈತಿ. ಆದ್ರ ನಮ್ಮ ಕಡೆ ಯಾಕ ನೋಡವಲ್ಲಳು?"

ಅವಳು ನೋಡುತ್ತಿದ್ದದ್ದು ನನ್ನ ಎಡಗೈಯ ಕಡೆಗೆ, ಬೆರಳುಗಳ ಮರೆಯಲ್ಲಿದ್ದ ಗುಂಡಿಯನ್ನು.

ಫೋಟೊ ಮೊಳೆಗೆ ಹಾಕಿ, "ತಿರುಗೈತಿ, ಚಿಕ್ಕಮ್ಮಾ," ಎಂದೆ.