ಭುಜದ ಪಕ್ಕ ನಡೆಯುವುದು

ಕುದುರೆ ಸವಾರಿಯ ಶಿಕ್ಷಕಿಯಾಗಲು ನನ್ನೆದುರು ಎರಡು ದಾರಿಗಳಿದ್ದವು. ಒಂದು, ಸವಾರಿಯ ಪರೀಕ್ಷೆಗಳನ್ನು ಹಂತಹಂತವಾಗಿ ಮುಗಿಸಿ, ಸ್ಪರ್ಧೆಗಳಲ್ಲಿ ಕುದುರೆ ಓಡಿಸಿ, ಕೊನೆಯಲ್ಲಿ ಕಲಿಸುವ ಅರ್ಹತೆ ಪಡೆಯುವುದು. ಇನ್ನೊಂದು, ನಾನು ಸವಾರಿ ಕಲಿಯುತ್ತಿದ್ದ ಶಾಲೆಯಲ್ಲೇ ಸಹಾಯಕಿಯಾಗಿ ನಿಂತು, ಲಾಯದ ಕೆಲಸ ಮಾಡುತ್ತಾ ಹೊಸಬರಿಗೆ ಕಲಿಸುತ್ತಾ, ಕಲಿಸುವುದರಲ್ಲೇ ಪರೀಕ್ಷೆ ಕೊಡುವುದು. ಭಾನುವಾರದೊಳಗೆ ಹೇಳು ಎಂದಿದ್ದರು ನಮ್ಮ ಶಿಕ್ಷಕಿ ಮೇಡಂ.

ನನ್ನ ಮನಸ್ಸು ಮೊದಲನೆಯದರ ಕಡೆಗಿತ್ತು. ಎಂ.ಎಸ್ಸಿ. ಓದುವಾಗ ಸೆಮಿನಾರಿನಲ್ಲಿ ನನ್ನ ದನಿ ಹಿಂದಿನ ಬೆಂಚಿಗೆ ತಲುಪುತ್ತಿರಲಿಲ್ಲ. ಸವಾರಿ ಕಲಿಸುವ ಅಂಕಣದ ನಡುವೆ ನಿಂತು ಕೂಗಿ ಹೇಳುವ ಕೆಲಸ ನನ್ನದಲ್ಲ ಎಂದು ಮೇಡಂಗೂ ಹೇಳಿದ್ದೆ. ಕುದುರೆಯ ಮೇಲೆ ಕೂತಾಗ ದನಿಯೇ ಬೇಡ. ಅಷ್ಟು ದೊಡ್ಡ ಪ್ರಾಣಿ ಮೈಮೇಲೆ ಕೂತ ಒಂದು ನೊಣವನ್ನು ಅರಿತು, ಅಷ್ಟೇ ಅಗಲದ ಚರ್ಮವನ್ನು ನಡುಗಿಸಿ ಓಡಿಸುತ್ತದೆ. ನಾನು ಎಡಕ್ಕೆ ನೋಡಿದರೆ ಸಾಕು, ನನ್ನ ಸೊಂಟದಲ್ಲಿ ನನಗೇ ತಿಳಿಯದಂತೆ ಆದ ಬದಲಾವಣೆಯನ್ನು ತಿಳಿದು ಎಡಕ್ಕೆ ತಿರುಗುತ್ತದೆ. ದಿನವೂ ಹತ್ತಿದರೂ ಆ ಬೆರಗು ಹಳೆಯದಾಗಲಿಲ್ಲ.

ಶನಿವಾರ ಅಪ್ಪ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಹಾಕಿ, ಖಾಲಿ ಚೀಲ ಹೆಗಲಿಗೇರಿಸಿಕೊಂಡು ಶಾಲೆಗೆ ಬಂದ. ವಿರೂಪಾಕ್ಷಿಪುರದ ಕಡೆಯ ನಮ್ಮೂರಿಂದ ಅವನು ಇಲ್ಲಿಗೆ ಬಂದದ್ದು ಅದೇ ಮೊದಲು. ನಾನು ಲಾಯ ಗುಡಿಸುತ್ತಿದ್ದೆ.

‘ಎಮ್ಮೆಸ್ಸಿ ಮಾಡ್ಕಂಡು ಲದ್ದಿ ಬಾಚ್ತಿದ್ದೀಯಲ್ಲವ್ವಾ. ಸಗಣಿ ಬಾಚದು ನಮ್ಮನೇಲೇ ಇತ್ತಲ್ಲ,’ ಎಂದ.

ಬೂದುಬಣ್ಣದ ಹೆಣ್ಣು ಕುದುರೆ ಕತ್ತು ಚಾಚಿ ಅವನ ಅಂಗಿಯನ್ನು ಮೂಸಿತು. ರೇಷ್ಮೆ ಹುಳುಮನೆಯ ವಾಸನೆ ಅದಕ್ಕೆ ಹೊಸದು.

‘ಇದ್ಕೆ ಕೊಂಬೇ ಇಲ್ವಲ್ಲ ಮಗಾ, ಹಿಡ್ಕಳದು ಎಲ್ಲಿ?’

ಮೇಡಂ ನಕ್ಕು, ಕುದುರೆಯನ್ನು ಅಂಕಣಕ್ಕೆ ತಂದು ಹಗ್ಗವನ್ನು ಅವನ ಕೈಗೇ ಕೊಟ್ಟರು. ‘ಒಂದು ಸುತ್ತು ನಡೆಸಿ ನೋಡಿ ಯಜಮಾನ್ರೇ.’ ನನ್ನ ಕಡೆ ತಿರುಗಿ, ‘ನೀನು ಹೇಳಿಕೊಡು. ಹಗ್ಗ ಮಾತ್ರ ಮುಟ್ಟಬೇಡ,’ ಎಂದು ಬೇಲಿಯ ಪಕ್ಕ ಹೋಗಿ ನಿಂತರು.

ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸುವಾಗ ಎತ್ತಿನ ಹಗ್ಗ ಹಿಡಿದು ಬೆಂಕಿಯ ಮೇಲೆ ತಾನೇ ಮೊದಲು ಹಾರುತ್ತಿದ್ದವನು ಅಪ್ಪ. ದನ ಹಿಡಿದವನು ಮುಂದಿರಬೇಕು ಎಂಬುದಷ್ಟೇ ಅವನಿಗೆ ಗೊತ್ತು. ಹಾಗೇ ಮುಂದೆ ಹೋಗಿ ಜಗ್ಗಿದ. ಕುದುರೆ ತಲೆಯೆತ್ತಿ ನಾಲ್ಕೂ ಕಾಲು ಊರಿ ನಿಂತಿತು. ತಿರುಗಿ ಅದರ ಮುಖ ನೋಡುತ್ತಾ ಇನ್ನೂ ಜಗ್ಗಿದ.

‘ಬಲೇ ಮೊಂಡು ಕಣವ್ವಾ ಇದು. ನಿನ್ ಥರಾನೇ,’ ಎಂದು ನಕ್ಕ.

ಹೋಗಿ ಹಗ್ಗ ಇಸಿದುಕೊಳ್ಳಬೇಕೆಂದು ಕೈ ತುಡಿಯಿತು. ಮೇಡಂ ನೋಡುತ್ತಿದ್ದರು. ಇದ್ದಲ್ಲೇ ನಿಂತೆ.

‘ಅಪ್ಪ, ಹಗ್ಗ ಒಸಿ ಸಡ್ಲ ಬುಡು,’ ಎಂದೆ. ಯಾವಾಗಲೂ ಬರುವ ಅದೇ ಸಣ್ಣ ದನಿ. ಅಪ್ಪ ಕೇಳಿಸಿಕೊಳ್ಳಲು ನಗು ನಿಲ್ಲಿಸಿದ. ಕುದುರೆಯ ಒಂದು ಕಿವಿ ನನ್ನತ್ತ ಹೊರಳಿತು.

‘ಮುಂದೆ ನಿಂತ್ಕಬ್ಯಾಡ. ಅದ್ರ ಎಡಗಡೆ ಭುಜದ ಪಕ್ಕಕ್ಕೆ ಬಾ. ಮಕ ನೋಡ್ಬ್ಯಾಡ. ಆ ಹುಣಸೆಮರ ನೋಡು.’

‘ಮರ ನೋಡ್ಕಂಡು ಏನ್ ಮಾಡ್ಲಿ?’

‘ಅದ್ರ ತಾವ್ಕೆ ನೀನೊಬ್ನೇ ಹೋಯ್ತಿದ್ದೀನಿ ಅನ್ಕಂಡು ನಡಿ.’

ಅಪ್ಪ ಮರ ನೋಡಿದ. ಅವನ ಭುಜ ಇಳಿಯಿತು. ಒಂದು ಹೆಜ್ಜೆ ಇಟ್ಟ. ಅದೇ ಗಳಿಗೆಯಲ್ಲಿ ಕುದುರೆಯೂ ಇಟ್ಟಿತು. ಹಗ್ಗ ಜೋತುಬಿದ್ದೇ ಇತ್ತು. ಗೊರಸಿನ ಸದ್ದು, ಅಪ್ಪನ ಚಪ್ಪಲಿಯ ಸದ್ದು, ಎರಡೂ ಒಂದೇ ಲಯದಲ್ಲಿ ಮರದವರೆಗೆ ಹೋಗಿ, ಬಂಡೆಗುಡ್ಡಗಳು ಕಾಣುವ ಬದಿಯ ಬೇಲಿಗುಂಟ ಸುತ್ತಿ ಬಂದವು. ಯಾವಾಗಲೂ ಗಟ್ಟಿಯಾಗಿ ಮಾತಾಡುವ ಅಪ್ಪ, ನನ್ನ ಹತ್ತಿರ ಬಂದಾಗ ಗುಡಿಯೊಳಗೆ ಮಾತಾಡುವಂತೆ ಮೆಲ್ಲಗೆ ಹೇಳಿದ: ‘ಎಳೀದೇನೇ ಬತ್ತೈತಲ್ಲ ಮಗಾ.’

ಕುದುರೆಗೆ ನನ್ನ ಮನಸ್ಸು ತಿಳಿಯುವುದನ್ನು ಕಂಡಿದ್ದೆ. ಆಗೆಲ್ಲ ನಾನು ಅದರ ಬೆನ್ನ ಮೇಲಿರುತ್ತಿದ್ದೆ. ಈಗ ನನ್ನ ಕೈ ಖಾಲಿ. ನಾನು ಆಡಿದ ಮಾತು ಅಪ್ಪನ ಭುಜಕ್ಕೆ ಇಳಿದು, ಅಲ್ಲಿಂದ ಆ ದೊಡ್ಡ ಮೈಯೊಳಕ್ಕೆ ಹೋಗಿತ್ತು.

ಭಾನುವಾರದವರೆಗೆ ಕಾಯಲಿಲ್ಲ. ಬೇಲಿಯ ಹತ್ತಿರ ಹೋಗಿ, ‘ಎರಡನೇದು, ಮೇಡಂ. ಇಲ್ಲೇ ಇರ್ತೀನಿ,’ ಎಂದೆ.

‘ದನಿ ಸಾಲಲ್ಲ ಅಂತಿದ್ದೆ?’

‘ಅಪ್ಪನಿಗೆ ಕೇಳಿಸ್ತು.’

ಅವರು ತಲೆದೂಗಿ ಅಂಕಣದತ್ತ ಕೈ ತೋರಿಸಿದರು. ಅಪ್ಪ ಯಾರನ್ನೂ ಕೇಳದೆ, ಹುಣಸೆಮರವನ್ನೇ ನೋಡುತ್ತಾ, ಎರಡನೇ ಸುತ್ತಿಗೆ ಹೊರಟಿದ್ದ.