ಸೋಮವಾರದ ಹದಿನಾಲ್ಕು ಕಿಲೋಮೀಟರ್

ಹೋದ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ತಂಗಿ ಶೈಲಾ ಸೊರಬದಲ್ಲಿ ತನ್ನ ಆಫೀಸಿನ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಳು. ಬೀಳಿಸಿದ್ದು ನಾನು. ಶಿಕಾರಿಪುರದಲ್ಲಿ ಕೂತು, ವಾಟ್ಸ್ಯಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿ ಬೀಳಿಸಿದೆ.

ಶೈಲಾಗೆ ನಲವತ್ತೊಂದು. ಮೂರು ತಿಂಗಳ ಹಿಂದೆ ಫೋನ್ ಮಾಡಿ, ಶಿವಮೊಗ್ಗದಲ್ಲಿ ನಡೆಯುವ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ ಅಂದಳು. ಇಪ್ಪತ್ತೊಂದು ಕಿಲೋಮೀಟರ್. ಯಾಕಮ್ಮ ಈ ಉಸಾಬರಿ ಅಂದೆ. "ಒಂದ್ಸಲ ಯಾರ ಕೆಲಸಕ್ಕೂ ಅಲ್ದೆ, ನಂಗೋಸ್ಕರ ಅಷ್ಟು ದೂರ ಹೋಗಿ ಬರ್ಬೇಕು ಅನ್ಸಿದೆ ಅಣ್ಣ" ಅಂದಳು. ಹಿಂದೆಯೇ ಒಂದು ಟ್ರೈನಿಂಗ್ ಪ್ಲಾನ್ ಕಳಿಸಿ, "ಇದು ಸರಿ ಇದ್ಯಾ ನೋಡು" ಅಂತ ಕೇಳಿದಳು.

ಹದಿನೆಂಟು ವಾರದ ಪ್ಲಾನು. ಎರಡು ನಿಮಿಷ ನಡೆ, ಒಂದು ನಿಮಿಷ ಓಡು, ಮತ್ತೆ ನಡೆ. ರೇಸಿಗೆ ಉಳಿದಿದ್ದೂ ಸರಿಯಾಗಿ ಹದಿನೆಂಟು ವಾರ. ಓಡಿ ಗೊತ್ತಿಲ್ಲದವಳಿಗೆ ಇದಕ್ಕಿಂತ ಒಪ್ಪುವಂಥದ್ದು ಇನ್ನೇನಿದೆ? "ಸರಿ ಇದೆ" ಅಂದುಬಿಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅಣ್ಣನಾದವನು ಅಷ್ಟಕ್ಕೇ ಬಿಟ್ಟರೆ ಅವನ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಗ್ರೂಪಿನಲ್ಲಿ ವಿಚಾರಿಸಿ ಹೇಳ್ತೀನಿ ಅಂದೆ.

ನಮ್ಮೂರಲ್ಲಿ ಓಡುವ ಗಂಡಸರದ್ದೊಂದು ಗ್ರೂಪ್ ಇದೆ. ಹನ್ನೊಂದು ಜನ. (ಓಡುವವರು ನಾಲ್ಕು. ಉಳಿದವರು ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಹೆಬ್ಬೆರಳು ಎತ್ತುತ್ತಾರೆ.) ಎಲ್ಲರ ಕೈಯಲ್ಲೂ ಜಿಪಿಎಸ್ ವಾಚು. ಇದಕ್ಕೆ ಯಜಮಾನರು ಗೊಬ್ಬರದಂಗಡಿಯ ರುದ್ರೇಶಪ್ಪ. ಅವರ ಅಂಗಡಿಯಲ್ಲೇ ನನ್ನ ತಂಗಿಯ ಪ್ಲಾನಿನ ವಿಚಾರಣೆ ನಡೆಯಿತು.

"ಬಿಗಿನರ್ ಅಂತ ಬರದೈತಲ್ರೀ ಇದರ ಮ್ಯಾಲೆ. ಯಾರಾರ ನೋಡಿದ್ರ ಏನಂತಾರ?" ಅಂದರು ರುದ್ರೇಶಪ್ಪ. ಓದುತ್ತಾ ಹೋದಂತೆ ಅವರ ಮುಖ ಹುಳ್ಳಗಾಯಿತು. "ಎರಡು ನಿಮಿಷ ನಡೀಬೇಕಂತ, ಒಂದು ನಿಮಿಷ ಓಡಬೇಕಂತ. ನಮ್ಮನಿ ಎಮ್ಮಿ ಹಿಂಗೇ ಬರ್ತತಿ ಮನಿಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬದಲಿಗೆ ಅವರು ಕೊಟ್ಟಿದ್ದು ಹನ್ನೆರಡು ವಾರದ ಪ್ಲಾನು. ಹೆಸರು ಇಂಟರ್‌ಮೀಡಿಯೆಟ್. ಇದೇ ಯಾಕೆ? ಅವರ ಬೀಗರ ಮಗ ದಾವಣಗೆರೆಯಲ್ಲಿ ಇದನ್ನೇ ಮಾಡಿ ಮೆಡಲ್ ತಂದನಂತೆ. ಆ ಹುಡುಗನಿಗೆ ಇಪ್ಪತ್ತಾರು ವರ್ಷ, ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಆದರೇನು, ಗೊತ್ತಿರುವ ಮನೆತನ. ಹೆಣ್ಣು ಕೊಡುವಾಗ, ಬೋರು ಕೊರೆಸುವಾಗ, ಬಿತ್ತನೆ ಬೀಜ ತರುವಾಗ ವಿಚಾರಿಸುವ ಹಾಗೇ ಇದನ್ನೂ ವಿಚಾರಿಸಿದೆವು. ಓಡಬೇಕಾದವಳು ಯಾರು, ಅವಳ ದಿನ ಹೇಗೆ ಕಳೆಯುತ್ತದೆ ಅಂತ ಮಾತ್ರ ಒಬ್ಬನೂ ಕೇಳಲಿಲ್ಲ. ನಾನಂತೂ ಒಡಹುಟ್ಟಿದವನು, ನನಗೂ ಹೊಳೆಯಲಿಲ್ಲ.

ರೇಸಿಗೆ ಇನ್ನೂ ಹದಿನೆಂಟು ವಾರ ಇದೆಯಲ್ಲ, ಪ್ಲಾನು ಹನ್ನೆರಡೇ ವಾರದ್ದಲ್ಲವೇ? ಅದಕ್ಕೂ ಪರಿಹಾರ ಸಿಕ್ಕಿತು. ಆರು ವಾರ ಸುಮ್ಮನಿರಲಿ. ಅಂದರೆ, ಓಡಲು ಹೊರಟು ನಿಂತವಳನ್ನು ಒಂದೂವರೆ ತಿಂಗಳು ಕೂರಿಸಿ, ಆಮೇಲೆ ಒಮ್ಮೆಲೇ ಅಟ್ಟುವುದು. ಇದನ್ನು ಹೇಳಿದವರಲ್ಲಿ ಇಬ್ಬರು ಮೇಷ್ಟ್ರು.

ಪ್ಲಾನಿಗೆ ನಮ್ಮದೊಂದು ತಿದ್ದುಪಡಿಯೂ ಇತ್ತು. ವಾರದ ಅತಿ ಉದ್ದದ ಓಟ ಭಾನುವಾರ, ಸೋಮವಾರ ರೆಸ್ಟ್ ಅಂತ ಅದರಲ್ಲಿ ಬರೆದಿದೆ. ನಮ್ಮ ಕಡೆ ಭಾನುವಾರ ಅಂದರೆ ಗೃಹಪ್ರವೇಶ, ಸೀಮಂತ, ಶಿವಗಣಾರಾಧನೆ, ಒಂದಲ್ಲ ಒಂದು ಊಟ. ಬೆಳಿಗ್ಗೆ ಐದಕ್ಕೆ ಓಡಿ ಮಧ್ಯಾಹ್ನ ಊಟಕ್ಕೆ ಹೋಗಬಹುದಲ್ಲ ಅನ್ನುತ್ತೀರಾ? ಓಡಿದ ಕಾಲು ಮಡಚಿ ಪಂಕ್ತಿಯಲ್ಲಿ ಕೂರಲಾಗುವುದಿಲ್ಲ ಅನ್ನುವುದನ್ನು ರುದ್ರೇಶಪ್ಪ ಸ್ವತಃ ಕೂತು ಕಂಡುಕೊಂಡಿದ್ದರು. ಹಾಗಾಗಿ ರೆಸ್ಟನ್ನು ಭಾನುವಾರಕ್ಕೂ ಉದ್ದದ ಓಟವನ್ನು ಸೋಮವಾರಕ್ಕೂ ದೂಡಿದ್ದೆವು. ಹಾಗೆಯೇ ಶೈಲಾಗೆ ಕಳಿಸಿದೆ.

ಅವಳು ಫೋನ್ ಮಾಡಿದಳು. "ಸೋಮವಾರ ನಂದು ಉಪವಾಸ ಅಲ್ವೇನೋ ಅಣ್ಣ."

"ನಮ್ಮದೂ ಉಪವಾಸನೇ. ನಾವು ಓಡ್ತಿಲ್ವಾ?" ಅಂದೆ.

ಸರಿ ಅಂದು ಫೋನ್ ಇಟ್ಟಳು. ಅಣ್ಣ ಹೇಳಿದ ಮೇಲೆ ಮುಗಿಯಿತು ಅನ್ನುವ ಕಾಲದ ಹುಡುಗಿ ಅದು.

ನಮ್ಮ ಉಪವಾಸ ಹೇಗಿರುತ್ತದೆ ಅಂತ ನಿಮಗೆ ಹೇಳಿಬಿಡುತ್ತೇನೆ. ಅನ್ನ ಮುಟ್ಟುವುದಿಲ್ಲ. ಅದು ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಶೇಂಗಾ ಉಂಡೆ, ನಾಲ್ಕು ಬಾಳೆಹಣ್ಣು, ಮೇಲೊಂದು ಲೋಟ ಹಾಲು. ಶೈಲಾಳದು ಹಾಗಲ್ಲ. ಬೆಳಿಗ್ಗೆ ಒಂದು ಲೋಟ ನೀರು ಕುಡಿದರೆ ಸಂಜೆ ಪೂಜೆ ಆಗುವವರೆಗೆ ಬಾಯಿಗೆ ಏನೂ ಇಲ್ಲ. ಒಂದೇ ತಾಯಿಯ ಮಕ್ಕಳಾದ ನಮ್ಮ ಉಪವಾಸ ಇಷ್ಟು ಬೇರೆ ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನ್ನ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ನನ್ನ ಹೆಂಡತಿಯೂ ಸೋಮವಾರ ಬರೀ ನೀರಿನಲ್ಲೇ ಇರುತ್ತಾಳೆ.

ಇನ್ನು ನಮ್ಮ ಸೋಮವಾರದ ಓಟ. ಶಿರಾಳಕೊಪ್ಪದ ರಸ್ತೆಯಲ್ಲಿ ಆರು ಕಿಲೋಮೀಟರ್ ಹೋಗುವಷ್ಟರಲ್ಲಿ ಪರಿಚಯದವರು ಯಾರಾದರೂ ಬೈಕ್ ನಿಲ್ಲಿಸಿ, "ಯಾಕ್ರೀ ಸರ್, ಗಾಡಿ ಕೆಟ್ಟೈತಾ? ಹತ್ರಿ" ಅನ್ನುತ್ತಾರೆ. ಒಲ್ಲೆ ಅಂದರೆ ಸೊಕ್ಕು ಅಂದುಕೊಂಡಾರು. ಹತ್ತುತ್ತೇನೆ. ಕೈಯಲ್ಲಿನ ವಾಚು ತನ್ನ ಪಾಡಿಗೆ ಕಿಲೋಮೀಟರ್ ಎಣಿಸುತ್ತಲೇ ಇರುತ್ತದೆ, ನಾನು ಅದನ್ನು ನಿಲ್ಲಿಸಲು ಹೋಗುವುದಿಲ್ಲ. ಆ ಸ್ಕ್ರೀನ್‌ಶಾಟ್ ಗ್ರೂಪಿಗೆ ಹೋಗುತ್ತದೆ, ತಂಗಿಗೂ ಹೋಗುತ್ತದೆ. ಅಣ್ಣ ಓಡಿದ್ದಾನೆ, ನಾನೂ ಓಡಬೇಕು ಅಂತ ಅವಳು ಓಡುತ್ತಾಳೆ.

ಹೀಗೆ ಐದು ಸೋಮವಾರ ಹೇಗೋ ತಡೆದಳು. ಆರನೆಯದಕ್ಕೆ ಉಳವಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಪೂರ್ತಿ ಓಡಿ, ಮನೆಯವರಿಗೆಲ್ಲ ತಿಂಡಿ ಮಾಡಿಟ್ಟು, ತಾನು ನೀರು ಕುಡಿದು ಆಫೀಸಿಗೆ ಹೋದವಳು ಮೆಟ್ಟಿಲ ಮೇಲೆ ಬಿದ್ದಳು. ಪಾದದ ಗಂಟಿನ ಲಿಗಮೆಂಟ್ ಹರಿದಿದೆ. ಎರಡು ತಿಂಗಳು ಓಟದ ಮಾತೇ ಬೇಡ ಅಂದಿದ್ದಾರೆ ಡಾಕ್ಟರು. ರೇಸಿಗೆ ಉಳಿದಿರುವುದು ಆರು ವಾರ.

ಗ್ರೂಪಿನಲ್ಲಿ ಸುದ್ದಿ ಹಾಕಿದೆ. "ಹೆಣ್ಮಕ್ಕಳಿಗೆ ಸ್ಟಾಮಿನಾ ಕಮ್ಮಿ ಇರ್ತತಿ" ಅಂತ ಬರೆದರು ರುದ್ರೇಶಪ್ಪ. ಕೆಳಗೆ ಏಳು ಹೆಬ್ಬೆರಳು. ಖಾಲಿ ಹೊಟ್ಟೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಓಡಿ ತಿಂಡಿ ಮಾಡಿಟ್ಟವಳ ಸ್ಟಾಮಿನಾ! ನನಗೆ ಮೈಯೆಲ್ಲ ಉರಿಯಿತು. ಉತ್ತರ ಬರೆದೆ, ಅಳಿಸಿದೆ. ಏನಂತ ಬರೆಯಲಿ? ಅವಳ ಸ್ವಂತ ಪ್ಲಾನಿಗೆ ಕಲ್ಲು ಹಾಕಿದವರಲ್ಲಿ ಮೊದಲನೆಯವನು ನಾನೇ.

ಮಾರನೇ ದಿನ ಸೊರಬಕ್ಕೆ ಹೋದೆ. ಶೈಲಾ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದಳು. ಅವಳ ಗಂಡ ಕಾಫಿ ತಂದಿಟ್ಟು ಒಳಗೆ ಹೋದರು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಹದಿನಾಲ್ಕು ಕಿಲೋಮೀಟ್ರು ನೀನು ಎಷ್ಟು ಸಲ ಓಡಿದೀಯ ಅಣ್ಣ?" ಅಂತ ಮಾತ್ರ ಕೇಳಿದಳು.

ಒಂದು ಸಲವೂ ಇಲ್ಲ ಅಂದೆ. ಬೈಕಿನ ವಿಷಯವನ್ನೂ ಹೇಳಿದೆ. ಕಾಫಿ ಲೋಟವನ್ನು ನನ್ನ ಕಡೆ ಸರಿಸಿದಳು. ಆಮೇಲೆ, ಕಾಲು ವಾಸಿಯಾಗಲಿ, ಮುಂದಿನ ವರ್ಷದ ರೇಸಿಗೆ ಮತ್ತೆ ಶುರು ಮಾಡ್ತೀನಿ ಅಂದಳು.

ಅಭ್ಯಾಸಬಲ, ಬಾಯಿ ತಡೆಯಲಿಲ್ಲ. ಯಾವ ಪ್ಲಾನು ಅಂತ ಕೇಳಿದೆ.

"ನಿಂಗೆ ಹೇಳಲ್ಲ" ಅಂದಳು.